ಬೆಳಗಾವಿಯಿಂದ ಕ್ರಾಫ್ಟ್ ಬ್ರೂವರಿ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಕೆಲಸಕ್ಕಿರುವ ಮಕ್ಕಳು, ಶನಿವಾರ ಬಂತೆಂದರೆ ಗೋವಾ ಅನ್ನುವ ಗೆಳೆಯರು, ಎಲ್ಲರ ಬಾಯಲ್ಲೂ ಈಗ ಒಂದೇ ಮಾತು: "ಬ್ರೂವರಿಗೆ ಹೋಗಿ ಬರೋಣ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಹೊರಡುವ ಮುಂಚೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕುಡಿಯಿರಿ ಅಂತ ಯಾರಿಗೂ ಹೇಳುತ್ತಿಲ್ಲ. ಹೇಗೂ ಹೋಗುತ್ತೀರಿ, ಅಷ್ಟು ದೂರ ಹೋದ ಮೇಲೆ ಸುಮ್ನೆ ಏರಿಸಿಕೊಂಡು ಬರುವ ಬದಲು ನಾಲ್ಕು ವಿಷಯ ನೋಡಿ, ರುಚಿ ತಿಳಿದು ಬನ್ನಿ.

ಕ್ರಾಫ್ಟ್ ಬ್ರೂವರಿ ಅಂದರೆ ಏನು? ನಮ್ಮೂರ ಬಾರ್‌ನಲ್ಲೂ ಬಿಯರ್ ಸಿಗುತ್ತಲ್ವಾ?

ಸಿಗುತ್ತದೆ. ಅದು ಎಲ್ಲೋ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗಿ, ಕೆಡದ ಹಾಗೆ ಬಿಸಿ ಮಾಡಿ ಬಾಟಲಿಗೆ ತುಂಬಿ, ಲಾರಿಯಲ್ಲಿ ಬಂದದ್ದು. ಫ್ರಿಜ್ಜಿನಲ್ಲಿ ಹತ್ತು ಬ್ರ್ಯಾಂಡ್ ಕಂಡರೂ ಬಹುಪಾಲು ಎಲ್ಲವೂ ಒಂದೇ ಜಾತಿ, ತಣ್ಣಗೆ ನಿಧಾನವಾಗಿ ಹುಳಿ ಬರಿಸುವ ಲಾಗರ್. ಒಂದು ಸ್ವಲ್ಪ ಸಿಹಿ, ಇನ್ನೊಂದು ಸ್ವಲ್ಪ ಜೋರು, ಅಷ್ಟೇ ವ್ಯತ್ಯಾಸ.

ಕ್ರಾಫ್ಟ್ ಬ್ರೂವರಿಯಲ್ಲಿ ಒಂದೊಂದು ಸಲಕ್ಕೆ ಕಡಿಮೆ ಪ್ರಮಾಣದಲ್ಲಿ, ಬೇರೆ ಬೇರೆ ಜಾತಿಯ ಬಿಯರ್ ತಯಾರಿಸುತ್ತಾರೆ. ತಯಾರಿಸುವವನು ಅಲ್ಲೇ ಓಡಾಡಿಕೊಂಡಿರುತ್ತಾನೆ. ಟ್ಯಾಂಕಿನಿಂದ ಪೈಪು, ಪೈಪಿನಿಂದ ನಿಮ್ಮ ಗ್ಲಾಸು. ಹೆಚ್ಚಿನ ಕಡೆ ಫಿಲ್ಟರ್ ಕೂಡ ಮಾಡುವುದಿಲ್ಲ, ಅದಕ್ಕೇ ಬಿಯರ್ ಸ್ವಲ್ಪ ಮಬ್ಬಾಗಿ ಕಾಣುತ್ತದೆ.

ನಮ್ಮ ದೇಶಕ್ಕೆ ಇದು ಹೊಸದೇ. ಪುಣೆಯಲ್ಲಿ ಡೂಲಾಲಿ ಶುರುವಾದದ್ದು 2009ರಲ್ಲಿ. ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದದ್ದು 2010ರಲ್ಲಿ. ಆಮೇಲೆ ಬೆಂಗಳೂರಲ್ಲಿ ಇವು ಎಷ್ಟು ಹಬ್ಬಿದವು ಅಂದರೆ, ಈಗ ಮದುವೆ ಹಾಲ್‌ನಷ್ಟು ದೊಡ್ಡ ಬ್ರೂವರಿಗಳೂ ಇವೆ.

ಬೆಳಗಾವಿಯಿಂದ ಎಲ್ಲಿಗೆ ಹೋಗೋದು ಒಳ್ಳೇದು?

ಮೂರು ದಾರಿ ಇವೆ. ಬೆಂಗಳೂರು ಸುಮಾರು 500 ಕಿ.ಮೀ., ಪುಣೆ 340 ಕಿ.ಮೀ. ಆಸುಪಾಸು, ಚೋರ್ಲಾ ಘಾಟ್ ಇಳಿದರೆ ಪಣಜಿ ಸುಮಾರು 130 ಕಿ.ಮೀ.

ಹತ್ತಿರ ಅಂತ ಎಲ್ಲರೂ ಮೊದಲು ಗೋವಾ ಅನ್ನುತ್ತಾರೆ. ಅಲ್ಲಿಯ ಕ್ರಾಫ್ಟ್ ಬಿಯರ್ ಚೆನ್ನಾಗಿದೆ, ಸಾಂಗೊಲ್ಡಾದಲ್ಲಿ ಶುರುವಾದ ಗೋವಾ ಬ್ರೂವಿಂಗ್ ಕಂಪನಿಯಂಥವು ಹೆಸರು ಮಾಡಿವೆ. ಆದರೆ ಗೋವಾಕ್ಕೆ ಹೋದವರ ತಲೆ ಸಮುದ್ರದ ಕಡೆ ಇರುತ್ತದೆ. ಬ್ರೂವರಿ ಮಾತು ನಾಳೆ, ನಾಡಿದ್ದು ಅಂತ ಮುಂದೆ ಹೋಗಿ ಹಾಗೇ ಉಳಿದುಬಿಡುತ್ತದೆ. ಪುಣೆಯಲ್ಲಿ ಮಹಾರಾಷ್ಟ್ರದ 1949ರ ಪಾನನಿಷೇಧ ಕಾನೂನು ಲೆಕ್ಕಕ್ಕೆ ಬರುತ್ತದೆ. ಕುಡಿಯಲು ಪರ್ಮಿಟ್ ಬೇಕು ಅನ್ನುವ ನಿಯಮ ಅಲ್ಲಿ ಇನ್ನೂ ಇದೆ.

ಮೊದಲ ಸಲ ಹೋಗುವವರಿಗೆ ನಾನು ಬೆಂಗಳೂರೇ ಹೇಳುತ್ತೇನೆ. ಬಿಯರ್ ಜಾತಿ ಜಾಸ್ತಿ, ಭಾಷೆಯ ತೊಂದರೆ ಇಲ್ಲ, ಕುಡಿದ ಮೇಲೆ ಗಾಡಿ ಓಡಿಸುವ ಗೋಜೂ ಇಲ್ಲ. ಟಾಯ್ಟ್ ಹಳೆಯದು, ಯಾವಾಗಲೂ ಜನ ಇರುತ್ತಾರೆ. ಹಳೇ ಮದ್ರಾಸ್ ರಸ್ತೆಯ ಗೈಸ್ಟ್ ಬ್ರೂವರಿಯಲ್ಲಿ ಕಾರ್ಖಾನೆ, ಊಟದ ಜಾಗ ಎರಡೂ ಒಂದೇ ಕಡೆ ಇವೆ.

ರೈಲಿಗೆ ಹೋಗೋದಾ, ಕಾರಿಗೆ ಹೋಗೋದಾ?

ರೈಲು. ಇದರಲ್ಲಿ ಎರಡು ಮಾತಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ. ಇಳಿಯುವುದು ನಮ್ಮ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ, ಪಕ್ಕದಲ್ಲೇ ಅದೇ ಹೆಸರಿನ ಮೆಟ್ರೋ ಸ್ಟೇಷನ್. ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ಇಂದಿರಾನಗರಕ್ಕೆ ಹೋಗಬಹುದು. ಬಾಗಲಕೋಟೆ, ವಿಜಯಪುರದವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ.

ಒಂದೇ ಎಚ್ಚರಿಕೆ. ಸುವರ್ಣಸೌಧದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲಿ ಬೆಂಗಳೂರು-ಬೆಳಗಾವಿ ಟಿಕೆಟ್ ಸಿಗೋದು ಕಷ್ಟ. ಆ ಹೊತ್ತಿಗೆ ಹೋಗುವುದಾದರೆ ಮೊದಲೇ ಬುಕ್ ಮಾಡಿ.

ಹೇಳದೆ ಕೇಳದೆ ಹೋದರೆ ಟ್ಯಾಂಕುಗಳ ಹತ್ತಿರ ಬಿಡ್ತಾರಾ?

ಎಲ್ಲ ಕಡೆ ಬಿಡುವುದಿಲ್ಲ. ಗಾಜಿನ ಗೋಡೆಯ ಆಚೆಯಿಂದ ನೋಡಬಹುದು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಒಳಗೇ ಹೋಗಬೇಕೆಂದರೆ ಒಂದೆರಡು ದಿನ ಮೊದಲೇ ಫೋನ್ ಮಾಡಿ ಕೇಳಿ. ವಾರದ ಮಧ್ಯೆ, ಮಧ್ಯಾಹ್ನದ ಹೊತ್ತು ಹೋಗಿ. ಶನಿವಾರ ರಾತ್ರಿ ಹೋಗಿ "ಫ್ಯಾಕ್ಟರಿ ತೋರಿಸ್ರಿ" ಅಂದರೆ ಸಂಗೀತದ ಗದ್ದಲದಲ್ಲಿ ನಿಮ್ಮ ಮಾತೇ ಯಾರಿಗೂ ಕೇಳಿಸುವುದಿಲ್ಲ.

ಒಳಗೆ ಬಿಟ್ಟರೆ ಶೂ ಹಾಕಿಕೊಂಡಿರಬೇಕು. ನೆಲ ಯಾವಾಗಲೂ ಒದ್ದೆ, ಚಪ್ಪಲಿ ಜಾರುತ್ತದೆ. ಹತ್ತಿರದಲ್ಲೇ ಕುದಿಯುವ ನೀರು, ತೊಳೆಯುವ ಕಾಸ್ಟಿಕ್ ಎರಡೂ ಇರುತ್ತವೆ. ಯಾವ ವಾಲ್ವನ್ನೂ ಮುಟ್ಟಬೇಡಿ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಮುಖ ಇಡುವುದಂತೂ ಬೇಡವೇ ಬೇಡ. ಹುಳಿ ಬರುವಾಗ ಇಂಗಾಲದ ಡೈಆಕ್ಸೈಡ್ ಒಳಗೆ ತುಂಬಿಕೊಂಡಿರುತ್ತದೆ, ಉಸಿರು ಕಟ್ಟುತ್ತದೆ.

ಒಳಗೆ ಏನೇನು ನೋಡಬೇಕು? ಎಲ್ಲಾ ಒಂದೇ ಥರ ಸ್ಟೀಲ್ ಡ್ರಮ್ಮು ಕಾಣುತ್ತೆ.

ಮೊದಲ ನೋಟಕ್ಕೆ ಹಾಗೇ. ಕಾಳಿನಿಂದ ಶುರು ಮಾಡಿದರೆ ಒಂದೊಂದೂ ತಿಳಿಯುತ್ತದೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಬ್ರೂವರಿಗೆ ಅದು ಚೀಲದಲ್ಲಿ ಬರುತ್ತದೆ. ಒಂದು ಹಿಡಿ ಕೇಳಿ ಪಡೆದು ಬಾಯಿಗೆ ಹಾಕಿಕೊಳ್ಳಿ. ತಿಳಿ ಬಣ್ಣದ್ದು ಸಿಹಿ, ಕರುಂ ಕುರುಂ ಅನ್ನುತ್ತದೆ. ಕಪ್ಪಗೆ ಹುರಿದದ್ದು ಕಾಫಿಬೀಜ ಕಡಿದ ಹಾಗೆ ಕಹಿ. ಹೊನ್ನಿನ ಬಣ್ಣದ ಬಿಯರ್, ಕಪ್ಪು ಬಿಯರ್ ಇವೆರಡರ ಗುಟ್ಟು ಈ ಎರಡು ಹಿಡಿ ಕಾಳಿನಲ್ಲೇ ಇದೆ. ಮಾಲ್ಟ್ ಬಾರ್ಲಿ ನಮ್ಮಲ್ಲಿ ಹೆಚ್ಚಾಗಿ ರಾಜಸ್ಥಾನ, ಹರಿಯಾಣ ಕಡೆ ಬೆಳೆಯುತ್ತದೆ. ಕೆಲವು ವಿಶೇಷ ಮಾಲ್ಟ್ ಯುರೋಪಿನಿಂದ ಬರುತ್ತದೆ.

ಮಾಲ್ಟನ್ನು ಒಡೆದು, ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಒಂದು ತಾಸು ನೆನೆಸುತ್ತಾರೆ. ಆ ಬಿಸಿಗೆ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ನೀವು ಹೋದ ಹೊತ್ತಿಗೆ ಆ ಟ್ಯಾಂಕಿನ ಬಾಗಿಲು ತೆಗೆದಿದ್ದರೆ ನಿಮ್ಮ ಅದೃಷ್ಟ. ಹಾರ್ಲಿಕ್ಸ್ ಡಬ್ಬಿ ತೆಗೆದಾಗ ಬರುವ ವಾಸನೆಯೇ ಇಡೀ ಕೋಣೆಯಲ್ಲಿ ತುಂಬಿರುತ್ತದೆ. ಅದೂ ಮಾಲ್ಟೇ ತಾನೆ.

ಆಮೇಲೆ ಸಿಹಿನೀರನ್ನು ಸೋಸಿ ಬೇರೆ ಪಾತ್ರೆಗೆ ಬಿಟ್ಟು, ಒಂದು ಒಂದೂವರೆ ತಾಸು ಕುದಿಸುತ್ತಾರೆ. ಹಾಪ್ಸ್ ಹಾಕುವುದು ಇಲ್ಲಿ. ಹಾಪ್ಸ್ ಒಂದು ಬಳ್ಳಿಯ ಹೂವು, ಕಹಿ ಕೊಡುವುದು ಅದೇ. ಹಿಮಾಚಲದ ಲಾಹೌಲ್‌ನಲ್ಲಿ ಸ್ವಲ್ಪ ಬೆಳೆಯುತ್ತಾರೆ, ಉಳಿದದ್ದೆಲ್ಲ ಅಮೆರಿಕ, ಜರ್ಮನಿ ಕಡೆಯಿಂದ. ಬ್ರೂವರಿಗೆ ಬರುವುದು ಹಸಿರು ಗುಳಿಗೆಯ ರೂಪದಲ್ಲಿ. ಎರಡು ಗುಳಿಗೆ ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ. ಕಿತ್ತಳೆ ಸಿಪ್ಪೆ, ಮಾವಿನಕಾಯಿ, ಹಸಿ ಹುಲ್ಲು, ತಳಿಗೊಂದು ವಾಸನೆ. ಆದರೆ ನಾಲಿಗೆಗೆ ಹಚ್ಚಬೇಡಿ, ಆ ಕಹಿ ಬೇಗ ಹೋಗುವುದಿಲ್ಲ.

ಕುದಿಸಿದ್ದನ್ನು ಆರಿಸಿ, ತಳ ಚೂಪಾಗಿರುವ ಎತ್ತರದ ಟ್ಯಾಂಕುಗಳಿಗೆ ಬಿಟ್ಟು ಯೀಸ್ಟ್ ಸೇರಿಸುತ್ತಾರೆ. ಟ್ಯಾಂಕಿನ ಪಕ್ಕ ನೆಲದ ಮೇಲೆ ಒಂದು ಬಕೆಟ್ ನೀರು, ಅದರಲ್ಲಿ ಮುಳುಗಿಸಿದ ಪೈಪು, ಗುಳುಗುಳು ಗುಳ್ಳೆ ಕಾಣುತ್ತವೆ. ಜನ ಅದನ್ನು ನೋಡದೆ ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಬ್ರೂವರಿಯಲ್ಲಿ ನೋಡುವಂಥದ್ದು ಆ ಬಕೆಟ್ಟೇ. ಜೋರಾಗಿ ಗುಳ್ಳೆ ಬರುತ್ತಿದ್ದರೆ ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಿದೆ. ಆಗೊಂದು ಈಗೊಂದು ಬಂದರೆ ಕೆಲಸ ಮುಗಿಯುತ್ತ ಬಂದಿದೆ. ಏಲ್ ಜಾತಿಯದು ಸುಮಾರು 20 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಸಿದ್ಧ. ಲಾಗರ್ 10 ಡಿಗ್ರಿ ಆಸುಪಾಸಿನಲ್ಲಿ ಹುಳಿ ಬಂದು, ಆಮೇಲೆ ಇನ್ನೂ ತಣ್ಣಗೆ ವಾರಗಟ್ಟಲೆ ಮಲಗಬೇಕು. ಟ್ಯಾಂಕ್ ಅಷ್ಟು ದಿನ ಅದಕ್ಕೇ ಮೀಸಲು. ಹೊಸ ಬ್ರೂವರಿಗಳು ಲಾಗರ್‌ಗೆ ಬೇಗ ಕೈಹಾಕದೆ ಇರುವುದು ಇದಕ್ಕೇ.

ಹಿಂಬಾಗಿಲ ಕಡೆ ಒದ್ದೆ ಹೊಟ್ಟಿನ ಚೀಲಗಳೂ ಕಾಣಬಹುದು. 100 ಲೀಟರ್ ಬಿಯರ್ ತಯಾರಾದರೆ ಸುಮಾರು 20 ಕಿಲೋ ಹಸಿ ಹೊಟ್ಟು ಉಳಿಯುತ್ತದೆ. ಸಕ್ಕರೆ ಹೋಗಿರುತ್ತದೆ, ಪ್ರೋಟೀನ್ ಮತ್ತು ನಾರು ಉಳಿದಿರುತ್ತವೆ. ದನಕ್ಕೆ ಒಳ್ಳೆ ಮೇವು. ಹೈನುಗಾರಿಕೆ ಮಾಡುವವರು ಜೊತೆಯಲ್ಲಿದ್ದರೆ ಅವರ ಪ್ರಶ್ನೆ ಇಲ್ಲೇ ಶುರುವಾಗುತ್ತದೆ. ಎರಡು ಮೂರು ದಿನದಲ್ಲಿ ಕೆಡುತ್ತದೆ, ಹಾಗಾಗಿ ಹತ್ತಿರದವರಿಗೆ ಮಾತ್ರ ಲಾಭ.

ಸ್ಯಾಂಪ್ಲರ್ ಅಂದರೆ ಏನು? ಇಷ್ಟು ಸಣ್ಣ ಗ್ಲಾಸಲ್ಲಿ ಏನು ತಿಳಿಯುತ್ತೆ?

ಮರದ ಹಲಗೆಯ ಮೇಲೆ ನಾಲ್ಕೋ ಆರೋ ಸಣ್ಣ ಗ್ಲಾಸು ಸಾಲಾಗಿ ಇಟ್ಟು ತರುತ್ತಾರೆ. ಒಂದೊಂದರಲ್ಲಿ 60ರಿಂದ 120 ಮಿ.ಲೀ. ನಮ್ಮ ಕಡೆಯವರು ನೋಡಿದ ಕೂಡಲೇ ಅನ್ನುವುದು, "ಇದೇನ್ರೀ, ಔಷಧ ಕೊಟ್ಟಾಂಗ ಕೊಟ್ಟೀರಿ?"

ಲೆಕ್ಕ ಹಾಕಿ. 100 ಮಿ.ಲೀ.ನ ಆರು ಗ್ಲಾಸು ಅಂದರೆ 600 ಮಿ.ಲೀ. ನಮ್ಮ ಬಾರಿನ ದೊಡ್ಡ ಬಾಟಲಿಯೇ 650 ಮಿ.ಲೀ. ಹತ್ತಿರ ಹತ್ತಿರ ಒಂದು ಬಾಟಲಿ ಕುಡಿದಂತೆಯೇ ಆಯಿತು. ಸಣ್ಣ ಗ್ಲಾಸು ಮೋಸ ಮಾಡುತ್ತದೆ, ಎರಡು ಹಲಗೆ ಖಾಲಿ ಮಾಡಿದವರಿಗೆ ತಾವು ಎಷ್ಟು ಕುಡಿದೆವು ಅನ್ನುವುದೇ ತಿಳಿದಿರುವುದಿಲ್ಲ. ಇಬ್ಬರು ಒಂದು ಹಲಗೆ ಹಂಚಿಕೊಳ್ಳುವುದು ಒಳ್ಳೇದು. ಆಮೇಲೆ ಇಷ್ಟವಾದ ಒಂದನ್ನು ಪೂರ್ತಿ ಗ್ಲಾಸು ತಗೊಳ್ಳಿ.

ತಿಳಿಯಾದದ್ದರಿಂದ ಕಡುವಾದದ್ದರ ಕಡೆಗೆ ಹೋಗಬೇಕು. ಲಾಗರ್ ಅಥವಾ ಹಗುರಾದ ಬ್ಲಾಂಡ್ ಮೊದಲು, ಗೋಧಿಯದು ಆಮೇಲೆ, ಕಪ್ಪು ಸ್ಟೌಟ್ ಅದರ ನಂತರ, ಕಹಿ ಜಾಸ್ತಿ ಇರುವ ಐಪಿಎ ಕೊನೆಗೆ. ಬಣ್ಣ ನೋಡಿ ಐಪಿಎ ಮೊದಲೇ ಕುಡಿದುಬಿಟ್ಟರೆ, ಅದರ ಕಹಿ ನಾಲಿಗೆ ಮೇಲೆ ಕೂತು ಉಳಿದದ್ದೆಲ್ಲ ನೀರು ಅನ್ನಿಸುತ್ತದೆ. ನಡುನಡುವೆ ನೀರು ಕುಡಿಯಿರಿ. ಪ್ರತಿ ಗ್ಲಾಸನ್ನೂ ಮೊದಲು ಮೂಸಿ. ರುಚಿ ಅಂತ ನಾವು ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನದ್ದೇ.

ಹೆಸರು ನೋಡಿದರೆ ಏನೂ ಗೊತ್ತಾಗಲ್ಲ. ಯಾವುದು ಹೇಗಿರುತ್ತೆ?

ಪಿಲ್ಸ್‌ನರ್ ಹೊನ್ನಿನ ಬಣ್ಣದ ತಿಳಿ ಲಾಗರ್‌ನ ಮೂಲ ರೂಪ. 1842ರಲ್ಲಿ ಇವತ್ತಿನ ಚೆಕ್ ದೇಶದ ಪ್ಲ್‌ಜೆನ್ ಊರಲ್ಲಿ ಹುಟ್ಟಿದ್ದು. ಆ ಊರ ನೀರು ಬಹಳ ಮೃದು, ಅದಕ್ಕೇ ಅಲ್ಲಿ ಅಂಥ ತಿಳಿ ಬಿಯರ್ ಆಯಿತು. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಲ್ಲಿ ಆಗುತ್ತಿರಲಿಲ್ಲ. ಈಗಿನ ಬ್ರೂವರಿಗಳು ಆರ್‌ಒ ಮಾಡಿ, ಬೇಕಾದ ಲವಣ ಅಳೆದು ಸೇರಿಸಿಕೊಳ್ಳುತ್ತವೆ. ಒಳಗೆ ಹೋದಾಗ ನೀರಿನ ಬಗ್ಗೆ ಕೇಳಿ, ಬ್ರೂವರ್‌ಗೆ ಖುಷಿಯಾಗುತ್ತದೆ.

ಹೆಫೆವೈಟ್ಸನ್ ಜರ್ಮನಿಯ ಗೋಧಿ ಬಿಯರ್. ಮೂಸಿದರೆ ಬಾಳೆಹಣ್ಣು, ಲವಂಗ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಆ ಯೀಸ್ಟ್ ತಾನೇ ಹುಟ್ಟಿಸುವ ವಾಸನೆ ಅದು. ಕಹಿ ಬೇಡ ಅನ್ನುವವರಿಗೆ ಇದೇ ಸರಿ. ಬೆಲ್ಜಿಯಂನ ವಿಟ್ ಕೂಡ ಗೋಧಿಯದೇ, ಆದರೆ ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಹಾಕುತ್ತಾರೆ.

ಟಾಯ್ಟ್‌ನಲ್ಲಿ ಬಾಸ್ಮತಿ ಬ್ಲಾಂಡ್ ಅಂತ ಒಂದಿದೆ, ಅಕ್ಕಿ ಸೇರಿಸಿದ್ದು. ಅಕ್ಕಿ ಹಾಕಿದರೆ ಬಿಯರ್ ಹಗುರಾಗುತ್ತದೆ. ಬೆಳಗಾವಿ ಬಾಸುಮತಿಯ ಘಮ ಗೊತ್ತಿದ್ದವರು ಇದನ್ನು ಮೂಸಿ ಹುಡುಕುತ್ತಾ ಕೂರುತ್ತಾರೆ. ಸುಮ್ನೆ ಕುಡಿಯಿರಿ, ಚೆನ್ನಾಗಿದೆ.

ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರ್‌ನ ವಂಶದ್ದು. ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆ. ಕಹಿಯನ್ನು ಐಬಿಯು ಅನ್ನುವ ಅಳತೆಯಲ್ಲಿ ಬರೆದಿರುತ್ತಾರೆ. ಬಾಟಲಿ ಲಾಗರ್ 10ರಿಂದ 20ರೊಳಗೆ ಇದ್ದರೆ ಐಪಿಎ 40 ದಾಟುತ್ತದೆ. ಹಾಗಲಕಾಯಿ ಪಲ್ಯ ಇಷ್ಟಪಡುವವರಿಗೆ ಇದು ಬೇಗ ಹಿಡಿಸುತ್ತದೆ ಅಂತ ನನ್ನ ಅನುಭವ.

ಸ್ಟೌಟ್ ಕಪ್ಪಗೆ, ಕಾಫಿ ಮತ್ತು ಕಡು ಚಾಕೊಲೇಟ್ ರುಚಿ. ಬಣ್ಣ ನೋಡಿ ಜೋರು ಅಂದುಕೊಳ್ಳಬೇಡಿ. ಎಷ್ಟೋ ಸ್ಟೌಟ್‌ಗಳಲ್ಲಿ ಆಲ್ಕೋಹಾಲ್ ಬಾಟಲಿ ಬಿಯರ್‌ಗಿಂತ ಕಡಿಮೆ. ಸೈಡರ್ ಸೇಬಿನದು, ಮೀಡ್ ಜೇನಿನದು. ಅವು ಬಿಯರ್ ಅಲ್ಲ, ಆದರೂ ಅದೇ ಮೆನುವಿನಲ್ಲಿರುತ್ತವೆ.

"ಸ್ಟ್ರಾಂಗ್" ಇರಲ್ವಾ?

ಈ ಪ್ರಶ್ನೆ ಬಾರದ ದಿನವೇ ಇಲ್ಲ. ನಮ್ಮ ದೇಶದ ಆಹಾರ ಮಾನದಂಡದಲ್ಲಿ ಆಲ್ಕೋಹಾಲ್ 5 ಶೇಕಡಾ ತನಕ ಮಾಮೂಲಿ ಬಿಯರ್, 5ರ ಮೇಲೆ 8ರ ತನಕ ಸ್ಟ್ರಾಂಗ್. ಬ್ರೂವರಿ ಮೆನುವಿನಲ್ಲಿ ಹೆಚ್ಚಿನವು 4.5ರಿಂದ 6ರೊಳಗೆ ಇರುತ್ತವೆ. ಪ್ರತಿ ಹೆಸರಿನ ಮುಂದೆ ಬರೆದಿರುತ್ತಾರೆ, ನೋಡಿ. ಕೊಟ್ಟ ದುಡ್ಡಿಗೆ ಎಷ್ಟು ಏರಿತು ಅನ್ನುವ ಲೆಕ್ಕದವರಿಗೆ ಬ್ರೂವರಿ ದುಬಾರಿ, ನಿರಾಸೆ. ಅವರನ್ನು ಕರೆದುಕೊಂಡು ಹೋಗಲೇಬೇಡಿ ಅನ್ನುವುದು ನನ್ನ ಸಲಹೆ.

ಅರ್ಧ ಗ್ಲಾಸು ನೊರೆಯೇ ಇತ್ತು. ಮೋಸ ಅಲ್ವಾ?

ಅರ್ಧ ಗ್ಲಾಸು ಇದ್ದರೆ ಕೇಳಿ, ತುಂಬಿಸಿ ಕೊಡುತ್ತಾರೆ. ಎರಡು ಬೆರಳಿನಷ್ಟು ನೊರೆ ಇರಲೇಬೇಕು, ವಾಸನೆ ಮೂಗಿಗೆ ಬರುವುದು ಅದರಿಂದಲೇ. ನೊರೆ ನಿಲ್ಲದೆ, ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ, ಜಿಡ್ಡು ಉಳಿದಿದೆ. ಬದಲಾಯಿಸಿ ಅನ್ನಿ.

ತಣ್ಣಗೇ ಇರಲಿಲ್ಲ. ಐಸ್ ಕೇಳಬಹುದಾ?

ಬೇಡ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೆಳೆದವರಿಗೆ ಮಂಜುಗಡ್ಡೆಯಂಥ ಬಿಯರ್ ಬೇಕೆನ್ನಿಸುವುದು ಸಹಜ. ಆದರೆ ಅಷ್ಟು ತಣ್ಣಗೆ ಇದ್ದರೆ ನಾಲಿಗೆ ಮರಗಟ್ಟಿ ರುಚಿ ತಿಳಿಯುವುದಿಲ್ಲ. ಲಾಗರ್ 4ರಿಂದ 7 ಡಿಗ್ರಿ, ಸ್ಟೌಟ್ 10 ಡಿಗ್ರಿ ದಾಟಿದರೂ ಸರಿ. ಸ್ಟೌಟ್ ಗ್ಲಾಸನ್ನು ಹತ್ತು ನಿಮಿಷ ಹಾಗೇ ಬಿಟ್ಟು ಕುಡಿದು ನೋಡಿ.

ಬಿಯರ್ ಕೆಟ್ಟಿದೆ ಅಂತ ಹೇಗೆ ತಿಳಿಯುವುದು?

ಬೆಣ್ಣೆ ವಾಸನೆ ಬಂದರೆ ಟ್ಯಾಂಕಿನಿಂದ ಬೇಗ ತೆಗೆದಿದ್ದಾರೆ, ಇಲ್ಲವೇ ಪೈಪು ಕೊಳಕಾಗಿದೆ. ಹಸಿ ಸೇಬಿನ ವಾಸನೆ ಅಂದರೆ ಇನ್ನೂ ಎಳಸು. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಗಲಿ ಹಳತಾಗಿದೆ. ಹುಳಿ ಬಿಯರ್ ಅಂತ ಮೆನುವಿನಲ್ಲಿ ಬರೆಯದೇ ಇದ್ದು ವಿನೆಗರ್ ಥರ ಹುಳಿ ಹೊಡೆದರೆ ವಾಪಸ್ ಕೊಡಿ. ಒಳ್ಳೆ ಬ್ರೂವರಿಯವರು ವಾದ ಮಾಡುವುದಿಲ್ಲ, ತಾವೇ ಒಂದು ಗುಟುಕು ನೋಡಿ ಬೇರೆ ತಂದುಕೊಡುತ್ತಾರೆ.

ನಮ್ಮ ಬಿಳಿಜೋಳದಿಂದ ಬಿಯರ್ ಆಗುತ್ತಾ?

ಆಗುತ್ತದೆ. ವಿಜಯಪುರ, ಬಾಗಲಕೋಟೆಯ ರೈತರು ಕೇಳುವ ಪ್ರಶ್ನೆ ಇದು, ನನಗೆ ಬಹಳ ಇಷ್ಟ.

ಆಫ್ರಿಕಾದಲ್ಲಿ ಜೋಳದ ಬಿಯರ್ ತಲೆತಲಾಂತರದಿಂದ ಇದೆ. ದಕ್ಷಿಣ ಆಫ್ರಿಕಾದ ಉಮ್‌ಕೊಂಬೋತಿ ಜೋಳ, ಮೆಕ್ಕೆಜೋಳ ಸೇರಿಸಿ ಮಾಡುವ, ಗಂಜಿಯಷ್ಟು ಮಂದವಾದ ಬಿಯರ್. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನೇ ನಿಲ್ಲಿಸಿತು. ಅಲ್ಲಿನ ದೊಡ್ಡ ದೊಡ್ಡ ಬ್ರೂವರಿಗಳೂ ಆಗ ಜೋಳಕ್ಕೆ ತಿರುಗಬೇಕಾಯಿತು, ಲಾಗರ್‌ಗೂ ಜೋಳವನ್ನೇ ಬಳಸಿದರು. ಜೋಳದಲ್ಲಿ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿ ಒಗ್ಗದವರಿಗಾಗಿ ಅಮೆರಿಕ, ಯುರೋಪಿನಲ್ಲೂ ಜೋಳದ ಬಿಯರ್ ಮಾಡುತ್ತಾರೆ.

ತೊಡಕು ಮೂರು. ಜೋಳದ ಪಿಷ್ಟ ಬೇಯುವುದಕ್ಕೆ ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು, ಸುಮಾರು 70 ಡಿಗ್ರಿ ಮೇಲೆ. ಅಷ್ಟು ಬಿಸಿಗೆ ಕಾಳಿನ ಸ್ವಂತ ಕಿಣ್ವ ಸಾಯುತ್ತದೆ. ಹಾಗಾಗಿ ಎರಡು ಹಂತದಲ್ಲಿ ಬೇಯಿಸಬೇಕು, ಇಲ್ಲವೇ ಹೊರಗಿನಿಂದ ಕಿಣ್ವ ಸೇರಿಸಬೇಕು. ಎರಡನೆಯದು, ಬಾರ್ಲಿಗೆ ಇರುವ ಸಿಪ್ಪೆ ಜೋಳಕ್ಕಿಲ್ಲ. ಆ ಸಿಪ್ಪೆಯೇ ಸೋಸುವಾಗ ಜರಡಿಯ ಕೆಲಸ ಮಾಡುವುದು. ಅದಿಲ್ಲದೆ ಎಲ್ಲ ಮುದ್ದೆಯಾಗಿ ಟ್ಯಾಂಕಿನ ತಳ ಕಟ್ಟಿಕೊಳ್ಳುತ್ತದೆ. ಮೂರನೆಯದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಎಳೆ ಜೋಳ ಮೇಯ್ದು ದನ ಸತ್ತದ್ದು ಕೇಳಿದ್ದೀರಲ್ಲ? ಎಳೆ ಪೈರಿನಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ, ಮೊಳಕೆಯಲ್ಲೂ ಅದು ಇದೆ. ಜೋಳದ ಮಾಲ್ಟ್ ಮಾಡುವವರು ಮೊಳಕೆ ಬಂದ ಕಾಳನ್ನು ಒಣಗಿಸಿ, ಮೊಳಕೆ ಬೇರು ಎಲ್ಲಾ ತಿಕ್ಕಿ ತೆಗೆಯುತ್ತಾರೆ.

ಇದನ್ನು ಓದಿ ಮನೆಯಲ್ಲಿ ಕೊಡ ಇಟ್ಟುಕೊಂಡು ಕೂರಬೇಡಿ. ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ.

ಬ್ರೂವರಿಗೆ ಹೋದಾಗ ಮಾತ್ರ ಈ ಪ್ರಶ್ನೆ ಕೇಳಿಯೇ ಬನ್ನಿ. "ನಮ್ಮ ಕಡೆ ಮಾಲದಂಡಿ ಜೋಳ ಬೆಳೀತೀವಿ, ಹಾಕಿ ನೋಡಿದ್ದೀರಾ?" ಅಂದರೆ ಬ್ರೂವರ್ ನಿಮ್ಮನ್ನು ಬಿಟ್ಟು ಕದಲುವುದಿಲ್ಲ. ಬೈಲಹೊಂಗಲ, ಮುಧೋಳ ಕಡೆಯವರು ಬೆಲ್ಲದ ಮಾತೂ ತೆಗೆಯಬಹುದು. ಬೆಲ್ಜಿಯಂನ ಕಡು ಬಿಯರ್‌ಗಳಿಗೆ ಸಕ್ಕರೆ ಪಾಕ ಹಾಕುವ ರೂಢಿ ಇದೆ, ಆ ಜಾಗದಲ್ಲಿ ಬೆಲ್ಲ ಚೆನ್ನಾಗಿ ಕೂರುತ್ತದೆ.

ಊಟಕ್ಕೆ ಏನು? ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳು.

ಬೆಂಗಳೂರಲ್ಲಿ ಚಿಂತೆ ಇಲ್ಲ, ಎರಡೂ ಧಾರಾಳ. ಖಾಲಿ ಹೊಟ್ಟೆಯಲ್ಲಿ ಮಾತ್ರ ಶುರು ಮಾಡಬೇಡಿ. ಖಾರಕ್ಕೆ ಗೋಧಿ ಬಿಯರ್ ಹೊಂದುತ್ತದೆ. ಐಪಿಎ ಜೊತೆ ಖಾರ ತಿಂದರೆ ಕಹಿ, ಉರಿ ಎರಡೂ ಏರುತ್ತವೆ, ನಮ್ಮ ಮಿರ್ಚಿ ಭಜಿ ತಿನ್ನುವ ನಾಲಿಗೆಗೂ ಅದು ಜಾಸ್ತಿಯೇ.

ಬೆಂಗಳೂರಿನ ನೆಂಟರಿಗೆ ಅಂತ ಹೇಗೂ ಕುಂದಾ ಒಯ್ಯುತ್ತೀರಿ. ಬ್ರೂವರಿಗೆ ಹೊರಗಿನ ತಿಂಡಿ ಬಿಡುವುದಿಲ್ಲ, ಮನೆಯಲ್ಲೇ ಒಂದು ಕ್ಯಾನ್ ಸ್ಟೌಟ್ ಜೊತೆ ಕುಂದಾ ತಿಂದು ನೋಡಿ. ಕೆಂಪಗೆ ಕಾಯಿಸಿದ ಖವಾ, ಹುರಿದ ಮಾಲ್ಟ್, ಎರಡಕ್ಕೂ ಬಹಳ ಹೊಂದಿಕೆ. ಗೋಕಾಕದ ಕರದಂಟು ಅಷ್ಟು ಹೊಂದುವುದಿಲ್ಲ, ಅಂಟು ಹಲ್ಲಿಗೆ ಹಿಡಿದು ಬಿಯರ್ ರುಚಿಯೇ ಹೋಗುತ್ತದೆ.

ಕುಡಿಯದವರು, ಹೆಣ್ಣುಮಕ್ಕಳು, ಚಿಕ್ಕವರು ಬರಬಹುದಾ?

ಹೆಣ್ಣುಮಕ್ಕಳು ಧಾರಾಳವಾಗಿ ಬರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಶ್ರಾವಣ ಹಿಡಿದವರು, ಕುಡಿಯದವರು ಊಟಕ್ಕೆ, ಟ್ಯಾಂಕ್ ನೋಡುವುದಕ್ಕೆ ಬಂದರೂ ಸಮಯ ವ್ಯರ್ಥವಲ್ಲ. ಕುಡಿಯುವುದಕ್ಕೆ ಕರ್ನಾಟಕ, ಗೋವಾ ಎರಡೂ ಕಡೆ 21 ತುಂಬಿರಬೇಕು. ಆಧಾರ್ ಅಥವಾ ಲೈಸೆನ್ಸ್ ಜೇಬಿನಲ್ಲಿರಲಿ. ಮಕ್ಕಳನ್ನು ಕರೆದೊಯ್ಯುವುದಾದರೆ ಮಧ್ಯಾಹ್ನ ಹೋಗಿ, ಮೊದಲೇ ಫೋನ್ ಮಾಡಿ ಕೇಳಿ.

ಬಿಲ್ಲಿನಲ್ಲಿ ಏನು ನೋಡಬೇಕು?

ಮದ್ಯ ಜಿಎಸ್‌ಟಿಯಲ್ಲಿ ಬರುವುದಿಲ್ಲ, ಊಟಕ್ಕೆ ಬರುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಎರಡರ ಲೆಕ್ಕ ಬೇರೆ ಬೇರೆ ಇರುತ್ತದೆ. ಸರ್ವಿಸ್ ಚಾರ್ಜ್ ಅಂತ ಹಾಕಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಅನ್ನಬಹುದು. ಮಧ್ಯಾಹ್ನದ ಹೊತ್ತು ಎಷ್ಟೋ ಕಡೆ ಬಿಯರ್ ಅಗ್ಗ.

ಕಾರಲ್ಲೇ ಹೋದರೆ? ಎರಡು ಸಣ್ಣ ಗ್ಲಾಸಿಗೆ ಏನಾಗುತ್ತೆ?

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ಮೀರಿದರೆ ಕೇಸು. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಒಂದು ಹಲಗೆ ಸ್ಯಾಂಪ್ಲರ್ ಸಾಕು ಆ ಗೆರೆ ದಾಟುವುದಕ್ಕೆ. ಗೋವಾದಿಂದ ವಾಪಸ್ ಬರುವವರಿಗೆ ಇನ್ನೂ ಒಂದು ಮಾತು. ಚೋರ್ಲಾದ ತಿರುವು, ಮಳೆಗಾಲದ ಮಂಜು ಕುಡಿಯದವರಿಗೇ ಕಷ್ಟ. ಕುಡಿಯದ ಒಬ್ಬರು ಜೊತೆಗಿರಲಿ, ಇಲ್ಲವಾದರೆ ರಾತ್ರಿ ಅಲ್ಲೇ ಉಳಿದುಬಿಡಿ.

ಮನೆಗೆ ತರಬಹುದಾ?

ಟ್ಯಾಪಿನ ಬಿಯರ್ ತರುವ ಆಸೆ ಬಿಡಿ. ಫಿಲ್ಟರ್ ಇಲ್ಲ, ಬಿಸಿ ಮಾಡಿಲ್ಲ, ಒಳಗೆ ಯೀಸ್ಟ್ ಇನ್ನೂ ಜೀವಂತ. ಒಂದು ರಾತ್ರಿ ರೈಲಿನ ಸೆಕೆಗೆ ಕೆಡುತ್ತದೆ. ರೈಲಿನಲ್ಲಿ ಮದ್ಯ ಸಾಗಿಸಿ ತಪಾಸಣೆಯಲ್ಲಿ ಸಿಕ್ಕಿಕೊಳ್ಳುವ ತಲೆನೋವೂ ಬೇಡ. ಕ್ಯಾನಿನ ಕ್ರಾಫ್ಟ್ ಬಿಯರ್ ಬೇಕಾದರೆ ನಮ್ಮೂರಿನ ಅಂಗಡಿಯಲ್ಲೇ ಕೇಳಿ. ತಂದ ಮೇಲೆ ಫ್ರಿಜ್ಜಿನಲ್ಲಿಡಿ. ಹಸಿರು ಬಾಟಲಿಯದಾದರೆ ಬೆಳಕಿಗೆ ಇಡಲೇಬಾರದು, ಬಿಸಿಲು ಬಿದ್ದರೆ ಹಾಪ್ಸಿನ ಅಂಶ ಒಡೆದು ನಾರುತ್ತದೆ.

ಗೋವಾ ಬಾಟಲಿ ತರುವವರು ಲೇಬಲ್ ಓದಿ. ಗೋವಾದಲ್ಲಿ ಮಾರಾಟಕ್ಕೆ ಮಾತ್ರ ಅಂತ ಅಚ್ಚಾಗಿರುತ್ತದೆ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಅಬಕಾರಿ ಕೇಸು, ಗಾಡಿಯೂ ಜಪ್ತಿ ಆಗಬಹುದು. ಕಣಕುಂಬಿ ಹತ್ತಿರ ಡಿಕ್ಕಿ ತೆಗೆಸಿ ನೋಡುತ್ತಾರೆ. ಕಡಿಮೆ ಬೆಲೆ ಅಂತ ನಾಲ್ಕು ಬಾಟಲಿಗೆ ಕಾರು ಕಳೆದುಕೊಳ್ಳುವ ವ್ಯಾಪಾರ ಯಾಕೆ?

ಶುಗರ್ ಇದೆ, ಮಾತ್ರೆ ತಗೊಳ್ತೀನಿ. ರುಚಿ ನೋಡಬಹುದಾ?

ನಿಮ್ಮ ಡಾಕ್ಟರನ್ನೇ ಕೇಳಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಕುಡಿದರೆ ಸಕ್ಕರೆ ತೀರಾ ಇಳಿಯಬಹುದು. ಯೂರಿಕ್ ಆಸಿಡ್ ಇದ್ದು ಕಾಲ್ಬೆರಳು ಬಾಯುವವರಿಗೆ ಬಿಯರ್ ಒಳ್ಳೇದಲ್ಲ. ಹೊಟ್ಟೆಗೆ ಅಂತ ಮೆಟ್ರೊನಿಡಜೋಲ್ ತಗೊಳ್ಳುತ್ತಿದ್ದರೆ ಆ ಕೋರ್ಸ್ ಮುಗಿದು ಮೂರು ದಿನ ಆಗುವ ತನಕ ಮುಟ್ಟಬೇಡಿ.

ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ ಅನ್ನೋ ಹಾಗೆ ಆಗಬಾರದು. ಯಾವ ದಿನ ಬಿಡಬೇಕು?

ಅಕ್ಟೋಬರ್ 2 ಗಾಂಧಿ ಜಯಂತಿ, ಎಲ್ಲಾ ಕಡೆ ಬಂದ್. ಚುನಾವಣೆ ಇದ್ದರೆ ಮತದಾನ ಮುಗಿಯುವ ಹಿಂದಿನ 48 ತಾಸು ಬಂದ್, ಎಣಿಕೆಯ ದಿನವೂ ಬಂದ್. ಸೋಮವಾರ ಕೆಲವು ಕಡೆ ಟ್ಯಾಂಕ್ ತೊಳೆಯುವ ಕೆಲಸ ಇಟ್ಟುಕೊಳ್ಳುತ್ತಾರೆ. ಮಂಗಳವಾರದಿಂದ ಗುರುವಾರದೊಳಗೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ಹೋದರೆ ಜನ ಕಡಿಮೆ, ಬ್ರೂವರ್ ಕೂಡ ಕೈಗೆ ಸಿಗುತ್ತಾನೆ.